ಕರೆಂಟ್ ಹೋದರೂ ಕಿರ್ದಿ ಉಳಿಯಬೇಕು

ಗಂಗಾವತಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು ಇದು. ಮಿಲ್ಲುಗಳ ಎಲೆಕ್ಟ್ರಾನಿಕ್ ಸಾಮಾನು ರಿಪೇರಿ ಮಾಡುವವರು, ಡಿಪ್ಲೊಮಾ ಓದುವ ಹುಡುಗ ಹುಡುಗಿಯರು, ಒಂದಿಬ್ಬರು ಮಿಲ್ ಮಾಲೀಕರು ಕೂತಿದ್ದರು. ಎರಡೆರಡು ಸಲ ಹೇಳಿದ್ದನ್ನು ಇಲ್ಲಿ ಬಿಟ್ಟಿದ್ದೇನೆ. ಬೋರ್ಡಿನ ಮೇಲೆ ಬರೆದ ಲೆಕ್ಕವನ್ನು ಮಾತಿನಲ್ಲೇ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ವೇಬ್ರಿಡ್ಜ್‌ಗೆ ಕಂಟ್ರೋಲರ್ ಮಾಡುವವನು. ನಮ್ಮ ಕಡೆ ಹಳಬರು ಇನ್ನೂ ಕಾಟಾ ಅಂತಲೇ ಕರೆಯುತ್ತಾರೆ. ಗಾಡಿ ಬಂದು ಮೇಲೆ ನಿಲ್ಲುತ್ತದೆ. ಕೆಳಗಿನ ಲೋಡ್ ಸೆಲ್‌ಗಳು ತೂಕ ಹೇಳುತ್ತವೆ. ನನ್ನ ಡಬ್ಬಿ ಅದನ್ನು ಬರೆದಿಟ್ಟುಕೊಳ್ಳುತ್ತದೆ. ಆ ‘ಬರೆದಿಟ್ಟುಕೊಳ್ಳುತ್ತದೆ’ ಅನ್ನುವ ಒಂದೇ ಮಾತಿನ ಬಗ್ಗೆ ಇವತ್ತು ಮಾತಾಡುತ್ತೇನೆ.

ಕೆಲವು ವರ್ಷದ ಹಿಂದಿನ ಡಿಸೆಂಬರ್. ಸೋನಾ ಮಸೂರಿ ಸುಗ್ಗಿ ಜೋರಾಗಿತ್ತು. ಕಾರಟಗಿ ಕಡೆಯ ಒಂದು ರೈಸ್ ಮಿಲ್ಲಿನಲ್ಲಿ ನನ್ನ ಡಬ್ಬಿ ಕೂತಿತ್ತು. ಭತ್ತದ ಟ್ರ್ಯಾಕ್ಟರ್ ಬಂದಾಗ ಒಂದು ತೂಕ. ಒಳಗೆ ಹೋಗಿ ಇಳಿಸಿ, ಖಾಲಿ ಗಾಡಿ ವಾಪಸ್ ಬಂದಾಗ ಇನ್ನೊಂದು ತೂಕ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಭತ್ತದ ತೂಕ. ಚೀಟಿ ಪ್ರಿಂಟ್ ಆಗುತ್ತಿದ್ದುದು ಎರಡನೆಯ ತೂಕ ಆದ ಮೇಲೆ. ಅಲ್ಲಿಯವರೆಗೆ ಮೊದಲ ತೂಕ ನನ್ನ ಡಬ್ಬಿಯ ಹೊಟ್ಟೆಯಲ್ಲಿ ಮಾತ್ರ ಇರುತ್ತಿತ್ತು.

ಅವತ್ತು ಮಧ್ಯಾಹ್ನದ ಹೊತ್ತಿಗೆ ಆರು ಗಾಡಿ ಒಳಗಿದ್ದವು. ಏಳನೆಯದು ತೂಕ ಮಾಡಿಸುತ್ತಿತ್ತು. ಕರೆಂಟ್ ಹೋಯಿತು. ಎರಡು ನಿಮಿಷದಲ್ಲಿ ಜನರೇಟರ್ ಹಚ್ಚಿದರು. ಡಬ್ಬಿ ಚಾಲೂ ಆಯಿತು, ಡಿಸ್‌ಪ್ಲೇ ಬಂತು, ಎಲ್ಲಾ ಸರಿ ಇದ್ದಂತೆ ಕಂಡಿತು. ಮೊದಲ ಟ್ರ್ಯಾಕ್ಟರ್ ಖಾಲಿಯಾಗಿ ಬಂದಾಗ ಆಪರೇಟರ್ ಹುಡುಗ ಗಾಡಿ ನಂಬರ್ ಹೊಡೆದ. ಆಮೇಲೆ ನನಗೆ ಫೋನ್ ಮಾಡಿದ. “ಗಾಡಿ ಇಲ್ಲ ಅಂತೈತಿ ನೋಡ್ರಿ ಸರ. ಗಾಡಿ ಇಲ್ಲೇ ನನ್ನ ಮುಂದ ನಿಂತೈತಿ.”

ಹೋಗಿ ಡಬ್ಬಿಯ ಮೆಮೊರಿ ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿದೆ. ಫೈಲ್ ಇತ್ತು. ಹೆಸರೂ ಸರಿ ಇತ್ತು. ಸೈಜ್ ನೋಡಿದರೆ 0 ಬೈಟ್. ಆರು ಗಾಡಿ ಭತ್ತ ಆಗಲೇ ಮಿಲ್ಲಿನ ರಾಶಿಯಲ್ಲಿ ಬೆರೆತು ಹೋಗಿತ್ತು. ಮತ್ತೆ ತೂಕ ಮಾಡೋಣ ಅಂದರೆ ಏನನ್ನು ತೂಕ ಮಾಡುವುದು?

ತಪ್ಪು ಪೂರ್ತಿ ನನ್ನದೇ. ಹೇಗೆ ಅಂತ ಹೇಳುತ್ತೇನೆ. ಒಳಗಿರುವ ಗಾಡಿಗಳ ಪಟ್ಟಿಯನ್ನು ಒಂದು ಫೈಲಿನಲ್ಲಿ ಇಟ್ಟಿದ್ದೆ. ಹೊಸ ಗಾಡಿ ಬಂದರೆ ಆ ಫೈಲನ್ನು ತೆರೆದು, ಇದ್ದದ್ದನ್ನು ಖಾಲಿ ಮಾಡಿ, ಇಡೀ ಪಟ್ಟಿಯನ್ನು ಹೊಸದಾಗಿ ಬರೆದು ಮುಚ್ಚುತ್ತಿದ್ದೆ. ಪ್ರೋಗ್ರಾಮ್ ಬರೆಯುವ ನೂರರಲ್ಲಿ ತೊಂಬತ್ತು ಜನ ಹೀಗೇ ಮಾಡುತ್ತಾರೆ, ನೀವೂ ಮಾಡಿರುತ್ತೀರಿ. ಖಾಲಿ ಮಾಡುವುದಕ್ಕೂ ಮುಚ್ಚುವುದಕ್ಕೂ ನಡುವೆ ಸುಮಾರು 40 ಮಿಲಿಸೆಕೆಂಡ್. ಕರೆಂಟ್ ಅಷ್ಟರಲ್ಲಿ ಹೋಯಿತು.

“ಅಷ್ಟೇ ಹೊತ್ತಿಗೆ ಹೋಗಬೇಕಾ, ನಸೀಬು” ಅಂತ ಮಾಲೀಕರೂ ಅಂದರು, ನಾನೂ ಅಂದುಕೊಂಡೆ. ಮನೆಗೆ ಬಂದು ಲೆಕ್ಕ ಹಾಕಿದ ಮೇಲೆ ನಸೀಬಿನ ಮಾತು ಬಿಟ್ಟೆ. ದಿನಕ್ಕೆ 400 ಸಲ ಬರೆಯುತ್ತದೆ ಅಂತ ಇಟ್ಟುಕೊಳ್ಳಿ. ಒಂದೊಂದಕ್ಕೆ 40 ಮಿಲಿಸೆಕೆಂಡ್ ಅಂದರೆ ಒಟ್ಟು 16 ಸೆಕೆಂಡ್. ಮಿಲ್ಲು ನಡೆಯುವುದು ಹತ್ತು ಗಂಟೆ, ಅಂದರೆ 36,000 ಸೆಕೆಂಡ್. ಒಂದು ಸಲ ಕರೆಂಟ್ ಹೋದರೆ ಆ ಕಿಂಡಿಗೆ ಸಿಕ್ಕುವ ಸಾಧ್ಯತೆ 2,250ಕ್ಕೆ ಒಂದು. ದಿನಕ್ಕೆ ಐದು ಸಲ ಹೋಗಿ ಬಂದು ಮಾಡಿದರೆ, ಲೈನಿನಿಂದ ಜನರೇಟರಿಗೆ ಬದಲಾಯಿಸುವುದೂ ಸೇರಿ, 450 ದಿನಕ್ಕೆ ಒಂದು ಸಲ ಪೆಟ್ಟು. ಒಂದು ಡಬ್ಬಿಗೆ ಒಂದೂಕಾಲು ವರ್ಷ ಅಂದರೆ ಪರವಾಗಿಲ್ಲ ಅನಿಸುತ್ತದೆ. ಆದರೆ ಅಂಥ 20 ಡಬ್ಬಿ ಮಾರಿದವನಿಗೆ ಸುಮಾರು 22 ದಿನಕ್ಕೊಂದು ಫೋನ್ ಬರಬೇಕು. ಅಷ್ಟು ಬಂದಿರಲಿಲ್ಲ ನಿಜ. ಬಂದಿದ್ದ ಕೆಲವನ್ನು ‘ಕಾರ್ಡ್ ಹಾಳಾಗಿದೆ, ಬದಲಾಯಿಸಿ’ ಅಂತ ನಾನೇ ಸಾಗಹಾಕಿದ್ದೆ.

ನಮ್ಮದು ಕರೆಂಟ್ ತಯಾರಾಗುವ ಸೀಮೆ. ರಾಯಚೂರಿನ ಶಕ್ತಿನಗರದ ಸ್ಥಾವರ 1,720 ಮೆಗಾವ್ಯಾಟ್, ಬಳ್ಳಾರಿ ಪಕ್ಕದ ಕುಡಿತಿನಿಯದು 1,700, ಯರಮರಸ್‌ದು 1,600. ಇಷ್ಟು ತಯಾರಾಗುವ ಕಡೆಯೂ ಫ್ಯೂಸ್ ಹೋಗುತ್ತದೆ, ಗಾಳಿಗೆ ತಂತಿ ಹರಿಯುತ್ತದೆ, ಯಾರೋ ಕಾಲು ತಾಗಿಸಿ ಪ್ಲಗ್ ಕಿತ್ತುಬಿಡುತ್ತಾರೆ. ಕರೆಂಟ್ ಹೋಗಬಾರದು ಅಂತ ನಾವು ಡಬ್ಬಿ ಮಾಡಲಿಕ್ಕಾಗದು. ಯಾವ ಕ್ಷಣದಲ್ಲಿ ಹೋದರೂ ಹಳೆಯದೋ ಹೊಸದೋ, ಎರಡರಲ್ಲಿ ಒಂದು ಪೂರ್ತಿ ಉಳಿಯುವ ಹಾಗೆ ಮಾಡಬಹುದು. ನಾನು ಹೇಳಬೇಕಾದದ್ದು ಇದೊಂದೇ. ಉಳಿದದ್ದೆಲ್ಲ ಅದನ್ನು ಮಾಡುವ ಬಗೆ.

ಮೊದಲು, ಒಂದು ಫೈಲ್ ಬರೆಯುವುದು ಅಂದರೆ ಏನು ಅಂತ ನೋಡೋಣ. ಕಾರ್ಡಿನಲ್ಲಿ ಫೈಲುಗಳನ್ನು ಜೋಡಿಸಿಡುವ ಏರ್ಪಾಡಿಗೆ ಫೈಲ್ ಸಿಸ್ಟಮ್ ಅನ್ನುತ್ತಾರೆ. ಚಿಕ್ಕ ಡಬ್ಬಿಗಳಲ್ಲಿ ಜಾಸ್ತಿ ಇರುವುದು ಫ್ಯಾಟ್ ಫೈಲ್ ಸಿಸ್ಟಮ್. ಅದರಲ್ಲಿ ಒಂದು ಫೈಲಿಗೆ ಸೇರಿದ ಮಾಹಿತಿ ಮೂರು ಕಡೆ ಇರುತ್ತದೆ. ನಿಜವಾದ ಡೇಟಾ ಒಂದು ಕಡೆ. ಆ ಡೇಟಾ ಯಾವ ಯಾವ ಕೋಣೆಯಲ್ಲಿದೆ ಅನ್ನುವ ಕೋಷ್ಟಕ ಇನ್ನೊಂದು ಕಡೆ, ಅದಕ್ಕೇ ಫ್ಯಾಟ್ ಅನ್ನುವುದು. ಹೆಸರು, ಸೈಜ್ ಬರೆದ 32 ಬೈಟಿನ ಚೀಟಿ ಮೂರನೆಯ ಕಡೆ, ಡೈರೆಕ್ಟರಿಯಲ್ಲಿ. ಮೂರನ್ನೂ ಒಂದೇ ಏಟಿಗೆ ಬರೆಯಲು ಬರುವುದಿಲ್ಲ, ಒಂದಾದ ಮೇಲೆ ಒಂದು. ಡೇಟಾ ಬರೆದು ಚೀಟಿ ತಿದ್ದುವ ಮೊದಲು ಕರೆಂಟ್ ಹೋದರೆ, ನನಗೆ ಆದ ಹಾಗೆ, ಹೆಸರಿರುವ ಖಾಲಿ ಫೈಲ್. ಕೋಷ್ಟಕ ತಿದ್ದಿ ಚೀಟಿ ತಿದ್ದದಿದ್ದರೆ ಯಾರಿಗೂ ಸೇರದ ಕೋಣೆಗಳು. ವಿಂಡೋಸ್‌ನಲ್ಲಿ ಡಿಸ್ಕ್ ಚೆಕ್ ಮಾಡಿದಾಗ ‘ಫೌಂಡ್’ ಅಂತ ಒಂದು ಫೋಲ್ಡರು, ಅದರೊಳಗೆ ಅರ್ಥವಾಗದ ಫೈಲುಗಳು ಬರುತ್ತವಲ್ಲ, ಅವೇ ಈ ವಾರಸುದಾರರಿಲ್ಲದ ಕೋಣೆಗಳು. ಫ್ಯಾಟ್ ಕೋಷ್ಟಕಕ್ಕೆ ಎರಡು ಪ್ರತಿ ಇರುತ್ತದೆ ಅಂತ ಕೆಲವರು ಧೈರ್ಯ ಹೇಳುತ್ತಾರೆ. ಎರಡೂ ಪ್ರತಿ ಬೇರೆ ಬೇರೆ ಮಾತು ಹೇಳಿದರೆ ಯಾವುದನ್ನು ನಂಬಬೇಕು ಅಂತ ಎಲ್ಲೂ ಬರೆದಿರುವುದಿಲ್ಲ. ಧೈರ್ಯ ಅಲ್ಲಿಗೆ ಮುಗಿಯಿತು.

ಇದಕ್ಕೆ ಪರಿಹಾರ ನನಗೆ ಕಾಲೇಜಿನಲ್ಲಿ ತಿಳಿಯಲಿಲ್ಲ. ನಮ್ಮಪ್ಪ ಮಾಡುವುದನ್ನು ಚಿಕ್ಕಂದಿನಿಂದ ನೋಡಿದ್ದೆ, ಆದರೆ ಅದೇ ಇದು ಅಂತ ಹೊಳೆದದ್ದು ಆಮೇಲೆ. ಅಪ್ಪ ರಾಯಚೂರಿನ ಗಂಜಿನಲ್ಲಿ ಒಂದು ಹತ್ತಿ ದಲಾಲಿ ಅಂಗಡಿಯ ಗುಮಾಸ್ತ. ಅವರ ಮುಂದೆ ಎರಡು ಪುಸ್ತಕ. ಒಂದು ಕಿರ್ದಿ, ಇನ್ನೊಂದು ಖಾತೆ. ವ್ಯವಹಾರ ಆದ ತಕ್ಷಣ ಮೊದಲು ಕಿರ್ದಿಯಲ್ಲಿ ಒಂದು ಸಾಲು. ಸಂಜೆ ಕೂತು ಆ ಸಾಲನ್ನು ರೈತರ ಖಾತೆಗೆ, ಖರೀದಿದಾರರ ಖಾತೆಗೆ, ಹಮಾಲಿ ಖಾತೆಗೆ ಏರಿಸುವುದು. ಏರಿಸಿದ ಸಾಲಿನ ಪಕ್ಕ ಒಂದು ಗೀಟು. ನಡುವೆ ಸಾಹುಕಾರರು ಕರೆದರೋ, ದೀಪ ಹೋಯಿತೋ, ಪುಸ್ತಕ ಮುಚ್ಚಿಟ್ಟು ಎದ್ದು ಹೋಗುತ್ತಿದ್ದರು. ಮಾರನೇ ದಿನ ಗೀಟು ಬೀಳದ ಸಾಲು ಎಲ್ಲಿಂದ ಶುರುವಾಗುತ್ತದೆ ನೋಡಿ ಅಲ್ಲಿಂದ ಮುಂದುವರಿಸುತ್ತಿದ್ದರು. ಖಾತೆಯಲ್ಲಿ ಅರ್ಧ ಏರಿಸಿದ್ದರೂ ಚಿಂತೆ ಇಲ್ಲ, ಕಿರ್ದಿ ನೋಡಿ ಸರಿ ಮಾಡಿದರಾಯಿತು. ಇನ್ನು ಕಿರ್ದಿಯ ಸಾಲೇ ಅರ್ಧಕ್ಕೆ ನಿಂತಿದ್ದರೆ, ಆ ಸಾಲು ಇಲ್ಲ ಅಂತಲೇ ಲೆಕ್ಕ.

ಜರ್ನಲಿಂಗ್ ಫೈಲ್ ಸಿಸ್ಟಮ್ ಅನ್ನುತ್ತಾರಲ್ಲ, ಅದು ಇದೇ. ಜರ್ನಲ್ ಅಂದರೆ ಲೆಕ್ಕದವರ ಭಾಷೆಯಲ್ಲಿ ಕಿರ್ದಿ, ಹೋಲಿಕೆಗೆ ಹೇಳುತ್ತಿಲ್ಲ. ಡೈರೆಕ್ಟರಿ, ಕೋಷ್ಟಕ ತಿದ್ದುವ ಮೊದಲು ‘ಇಂಥಿಂಥದ್ದನ್ನು ಹೀಗೆ ಹೀಗೆ ತಿದ್ದುತ್ತೇನೆ’ ಅಂತ ಒಂದು ಕಡೆ ಬರೆದು, ಕೊನೆಗೆ ‘ಮುಗಿಯಿತು’ ಅಂತ ಒಂದು ಗುರುತು ಹಾಕುತ್ತದೆ. ಆಮೇಲೆ ಜಾಗಕ್ಕೆ ಹೋಗಿ ತಿದ್ದುತ್ತದೆ. ಕರೆಂಟ್ ಹೋಗಿ ಬಂದರೆ ಗುರುತು ಇರುವುದನ್ನು ಮತ್ತೆ ಏರಿಸುತ್ತದೆ, ಗುರುತು ಇಲ್ಲದ್ದನ್ನು ಬಿಡುತ್ತದೆ. ಲಿನಕ್ಸ್‌ನಲ್ಲಿ ಹಳೆಯ ಎಕ್ಸ್ಟ್2 ಫೈಲ್ ಸಿಸ್ಟಮಿಗೆ ಈ ಕಿರ್ದಿ ಇರಲಿಲ್ಲ. ಎಕ್ಸ್ಟ್3 ಅದನ್ನು 2001ರಲ್ಲಿ ತಂದಿತು. ಎಕ್ಸ್ಟ್4 ಬಂದದ್ದು 2008ರ ಕೊನೆಗೆ.

‘ಹಾಗಾದರೆ ಎಕ್ಸ್ಟ್4 ಹಾಕಿದರೆ ಮುಗೀತು’ ಅಂತ ಇಲ್ಲೇ ಎಷ್ಟೋ ಜನ ನಿಂತುಬಿಡುತ್ತಾರೆ. ನಾನೂ ನಿಂತಿದ್ದೆ. ಸಾಮಾನ್ಯವಾಗಿ ಇರುವ ಸೆಟ್ಟಿಂಗಿನಲ್ಲಿ ಕಿರ್ದಿಗೆ ಬೀಳುವುದು ಫೈಲ್ ಸಿಸ್ಟಮಿನ ಸ್ವಂತ ಲೆಕ್ಕ ಮಾತ್ರ. ಹೆಸರು, ಸೈಜ್, ಯಾವ ಕೋಣೆ, ಇಷ್ಟೇ. ನಿಮ್ಮ ತೂಕದ ಅಂಕಿಗಳು ಕಿರ್ದಿಗೆ ಬೀಳುವುದಿಲ್ಲ. ಕರೆಂಟ್ ಹೋಗಿ ಬಂದ ಮೇಲೆ ಫೈಲ್ ಸಿಸ್ಟಮ್ ತಾನು ಚೆನ್ನಾಗಿದ್ದೇನೆ ಅನ್ನುತ್ತದೆ. ನಿಮ್ಮ ಫೈಲ್ ಚೆನ್ನಾಗಿದೆ ಅಂತ ಅದು ಎಲ್ಲೂ ಮಾತು ಕೊಟ್ಟಿಲ್ಲ. 2009ರ ಶುರುವಿನಲ್ಲಿ ಎಕ್ಸ್ಟ್4 ಹೊಸದಾಗಿ ಹಾಕಿಕೊಂಡವರ ಕಂಪ್ಯೂಟರ್ ಹಠಾತ್ ನಿಂತಾಗ ಸೆಟ್ಟಿಂಗ್ ಫೈಲುಗಳೆಲ್ಲ 0 ಬೈಟ್ ಆಗಿ ಕೂತವು. ದೊಡ್ಡ ಗಲಾಟೆಯೇ ಆಯಿತು. ಜಾಗ ಹಂಚುವುದನ್ನು ಎಕ್ಸ್ಟ್4 ಸ್ವಲ್ಪ ಹೊತ್ತು ತಡ ಮಾಡುತ್ತದೆ, ಅಷ್ಟರಲ್ಲಿ ನಿಂತರೆ ಹೆಸರು ಉಳಿದು ಡೇಟಾ ಹೋಗುತ್ತದೆ. ಅದನ್ನು ನಡೆಸುತ್ತಿದ್ದ ಥಿಯೋಡರ್ ಸೋ ಆಮೇಲೆ ಕೆಲವು ಸಂದರ್ಭಕ್ಕೆ ಬೇಲಿ ಹಾಕಿದರು. ಆದರೆ ಡಿಸ್ಕಿಗೆ ಬಿತ್ತೋ ಇಲ್ಲವೋ ಅಂತ ಕೇಳುವುದು ಪ್ರೋಗ್ರಾಮ್ ಬರೆದವರ ಕೆಲಸ ಅಂತಲೂ ವಾದಿಸಿದರು. ಸಿಟ್ಟು ಬಂದರೂ ನನಗೆ ಆ ವಾದ ಸರಿ ಅನಿಸುತ್ತದೆ.

ಕೇಳುವುದು ಹೇಗೆ? ಲಿನಕ್ಸ್ ಬೋರ್ಡಿನಲ್ಲಿ ನೀವು ‘ಬರೆ’ ಅಂದಾಗ ಅದು ಬರೆಯುವುದು ಮೊದಲು ಮೆಮೊರಿಯಲ್ಲಿ. ಕಾರ್ಡಿಗೆ ಇಳಿಯಲು 30 ಸೆಕೆಂಡ್ ಕೂಡ ಆಗಬಹುದು. ಎಫ್‌ಸಿಂಕ್ ಅಂತ ಒಂದು ಕರೆ ಇದೆ, ಮೆಮೊರಿಯಲ್ಲಿ ಇರುವುದನ್ನು ಈಗಲೇ ಕಾರ್ಡಿಗೆ ಇಳಿಸು ಅಂತ. ಅದು ವಾಪಸ್ ಬರುವವರೆಗೆ ಕಾಯಬೇಕು. ಹಾಗಾಗಿ ಒಂದು ಫೈಲ್ ಬದಲಾಯಿಸುವ ಸರಿಯಾದ ದಾರಿ ಹೀಗೆ: ಹಳೆಯದನ್ನು ಮುಟ್ಟದೆ ಪಕ್ಕದಲ್ಲಿ ಹೊಸ ಹೆಸರಿನಲ್ಲಿ ಪೂರ್ತಿ ಬರೆಯಿರಿ. ಅದಕ್ಕೆ ಎಫ್‌ಸಿಂಕ್ ಮಾಡಿ. ಆಮೇಲೆ ಹೊಸದಕ್ಕೆ ಹಳೆಯದರ ಹೆಸರು ಇಡಿ, ಅಂದರೆ ರಿನೇಮ್. ಕೊನೆಗೆ ಡೈರೆಕ್ಟರಿಗೂ ಒಂದು ಎಫ್‌ಸಿಂಕ್. ಈ ಕೊನೆಯದನ್ನು ಹತ್ತರಲ್ಲಿ ಒಂಬತ್ತು ಜನ ಮರೆಯುತ್ತಾರೆ. ಆ ಕ್ಷಣಕ್ಕೆ ಕರೆಂಟ್ ಹೋದರೆ ಹೆಸರು ಹಳೆಯ ಫೈಲಿಗೆ ಅಂಟಿರುತ್ತದೆ, ಇಲ್ಲವೇ ಹೊಸದಕ್ಕೆ. ಎರಡೂ ಪೂರ್ತಿ ಇರುವ ಫೈಲುಗಳೇ. ಫ್ಯಾಟ್‌ನಲ್ಲಿ ಈ ರಿನೇಮ್ ಭರವಸೆ ಇಲ್ಲ, ನೆನಪಿರಲಿ.

ಇಷ್ಟೆಲ್ಲ ಮಾಡಿದರೂ, ಗಾಡಿಗೊಂದು ಸಲ ಇಡೀ ಪಟ್ಟಿ ಬರೆಯುವುದೇ ನನಗೆ ಸರಿ ಅನಿಸಲಿಲ್ಲ. ಅಪ್ಪ ಕಿರ್ದಿಗೆ ಎಂದೂ ರಬ್ಬರ್ ಹಚ್ಚಿದ್ದು ನೋಡಿಲ್ಲ. ತಪ್ಪಾದರೆ ಕೆಳಗೆ ಇನ್ನೊಂದು ಸಾಲು ಬರೆಯುತ್ತಿದ್ದರು. ನನ್ನ ಡಬ್ಬಿಯೂ ಈಗ ಹಾಗೇ. ಒಂದು ತೂಕಕ್ಕೆ ಒಂದು ಸಾಲು. ಸಾಲಿನಲ್ಲಿ ಕ್ರಮಸಂಖ್ಯೆ, ಗಾಡಿ ನಂಬರ್, ತೂಕ, ಸಮಯ, ಕೊನೆಗೆ ಸಿಆರ್‌ಸಿ. ಸಿಆರ್‌ಸಿ ಅಂದರೆ ಆ ಸಾಲಿನ ಎಲ್ಲಾ ಬೈಟುಗಳಿಂದ ಲೆಕ್ಕ ಹಾಕಿ ತೆಗೆದ 32 ಬಿಟ್ಟಿನ ತಾಳೆ ಸಂಖ್ಯೆ. ಮತ್ತೆ ಚಾಲೂ ಆದಾಗ ಡಬ್ಬಿ ಕೊನೆಯ ಸಾಲನ್ನು ಹುಡುಕುತ್ತದೆ. ತಾಳೆ ಆಗದಿದ್ದರೆ ಆ ಸಾಲು ಇಲ್ಲ ಅಂದುಕೊಂಡು ಅದರ ಹಿಂದಿನದನ್ನು ನಂಬುತ್ತದೆ. ಆ ಒಂದು ಗಾಡಿ ಇನ್ನೂ ಕಾಟಾದ ಮೇಲೇ ಇರುತ್ತದೆ, ಮತ್ತೆ ತೂಕ ಮಾಡಿದರಾಯಿತು.

ಇದರಲ್ಲಿ ಎರಡು ಚಿಕ್ಕ ವಿಷಯ ಇವೆ. ಅವಕ್ಕೆ ನನ್ನ ಆರು ತಿಂಗಳು ಹೋಯಿತು. ಒಂದು, ಫೈಲ್ ಬೆಳೆಯುತ್ತಾ ಹೋದರೆ ಪ್ರತಿ ಸಲ ಕೋಷ್ಟಕ, ಚೀಟಿ ತಿದ್ದಬೇಕು. ಅದಕ್ಕೆ ಮೊದಲ ದಿನವೇ ದೊಡ್ಡ ಖಾಲಿ ಫೈಲ್ ಮಾಡಿ ಇಟ್ಟುಬಿಡುತ್ತೇನೆ. ಆಮೇಲೆ ಒಳಗೆ ತುಂಬುವುದು ಮಾತ್ರ. ಸೈಜ್ ಬದಲಾಗುವುದೇ ಇಲ್ಲ, ಹಾಗಾಗಿ ಫ್ಯಾಟ್ ಆದರೂ ಕೆಡಲು ಕಾರಣ ಕಡಿಮೆ. ಎರಡು, ಕಾರ್ಡಿಗೆ ಬರೆಯುವ ಕನಿಷ್ಠ ತುಂಡು 512 ಬೈಟ್. ನನ್ನ ಸಾಲು 64 ಬೈಟ್. ಒಂದು ತುಂಡಿನಲ್ಲಿ ಎಂಟು ಸಾಲು ಇಟ್ಟರೆ ಎಂಟನೆಯದನ್ನು ಬರೆಯುವಾಗ ಮೊದಲ ಏಳನ್ನೂ ಮತ್ತೆ ಬರೆದ ಹಾಗೆ. ಅದಕ್ಕೆ ಒಂದು ತುಂಡಿಗೆ ಒಂದೇ ಸಾಲು. ‘ಜಾಗ ದಂಡ ಅಲ್ವಾ’ ಅಂದ ಒಬ್ಬ ಗೆಳೆಯ. ದಿನಕ್ಕೆ 400 ಸಾಲು ಅಂದರೆ ಸುಮಾರು 2 ಲಕ್ಷ ಬೈಟ್. 8 ಜಿಬಿ ಕಾರ್ಡು ತುಂಬಲು ನೂರು ವರ್ಷ ಬೇಕು. ಅಷ್ಟು ದಿನ ಮಿಲ್ಲು ನಡೆಯಲಿ ಅಂತ ಹಾರೈಸೋಣ.

ಇನ್ನು ಕಾರ್ಡಿನ ಒಳಗಿನ ಕತೆ. ಫ್ಲ್ಯಾಶ್ ಮೆಮೊರಿಯನ್ನು 1980ರ ದಶಕದಲ್ಲಿ ತೋಷಿಬಾದ ಫುಜಿಯೊ ಮಸುವೊಕಾ ಕಂಡುಹಿಡಿದರು. ಅಳಿಸುವುದು ಕ್ಯಾಮೆರಾ ಫ್ಲ್ಯಾಶಿನ ಹಾಗೆ ಒಂದೇ ಸಲಕ್ಕೆ ಆಗುತ್ತದೆ ಅಂತ ಸಹೋದ್ಯೋಗಿಯೊಬ್ಬರು ಆ ಹೆಸರು ಸೂಚಿಸಿದರಂತೆ. ನಮ್ಮ ತಲೆನೋವೂ ಆ ಅಳಿಸುವುದರಲ್ಲೇ ಇದೆ. ಫ್ಲ್ಯಾಶ್‌ನಲ್ಲಿ 1 ಇದ್ದದ್ದನ್ನು 0 ಮಾಡಬಹುದು. 0 ಇದ್ದದ್ದನ್ನು ಮತ್ತೆ 1 ಮಾಡಬೇಕಾದರೆ ಇಡೀ ಬ್ಲಾಕ್ ಅಳಿಸಬೇಕು. ಒಂದು ಸಾಧಾರಣ ಚಿಕ್ಕ ನ್ಯಾಂಡ್ ಬಗೆಯ ಫ್ಲ್ಯಾಶ್ ಚಿಪ್‌ನಲ್ಲಿ 2 ಕೆಬಿಯ ಪುಟಗಳು, ಅಂಥ 64 ಪುಟಕ್ಕೆ ಒಂದು ಬ್ಲಾಕ್, ಅಂದರೆ 128 ಕೆಬಿ. ನೀವು 512 ಬೈಟ್ ತಿದ್ದಬೇಕು ಅಂದರೂ ಒಳಗೆ ದೊಡ್ಡ ಸಾಮಾನು ಸಾಗಾಟ ನಡೆಯುತ್ತದೆ. ಇದನ್ನು ನಿಭಾಯಿಸಲು ಕಾರ್ಡಿನೊಳಗೇ ಒಂದು ಪುಟ್ಟ ಕಂಪ್ಯೂಟರ್ ಇದೆ. ಯಾವ ಡೇಟಾ ಎಲ್ಲಿದೆ ಅಂತ ಅದು ಬೇರೆ ಲೆಕ್ಕ ಇಟ್ಟಿರುತ್ತದೆ. ಆ ಲೆಕ್ಕ ತಿದ್ದುವಾಗ ಕರೆಂಟ್ ಹೋದರೆ ನೀವು ಮುಟ್ಟದೇ ಇದ್ದ ಫೈಲೂ ಹೋಗಬಹುದು. ಒಂದೇ ಕೋಶದಲ್ಲಿ ಎರಡು ಮೂರು ಬಿಟ್ ತುಂಬುವ ಅಗ್ಗದ ಚಿಪ್ಪುಗಳಲ್ಲಿ ಇನ್ನೂ ಕಷ್ಟ. ಇವತ್ತು ಬರೆಯುವ ಪುಟಕ್ಕೂ ಮೊನ್ನೆ ಬರೆದ ಪುಟಕ್ಕೂ ಕೋಶ ಒಂದೇ ಇರಬಹುದು. ಇವತ್ತಿನದು ಅರ್ಧಕ್ಕೆ ನಿಂತರೆ ಮೊನ್ನೆಯದೂ ಕೆಡುತ್ತದೆ. ‘ನಾನು ಬರೆಯಲೇ ಇಲ್ಲ, ಅದು ಹೇಗೆ ಕೆಟ್ಟಿತು’ ಅಂತ ತಲೆ ಕೆರೆದುಕೊಳ್ಳುವವರು ಇದನ್ನು ನೆನಪಿಡಿ.

ಇದಕ್ಕೆ ನಮ್ಮ ಪ್ರೋಗ್ರಾಮಿನಿಂದ ಮದ್ದಿಲ್ಲ. ಹಾಗಾಗಿ ಎರಡು ಕೆಲಸ ಮಾಡಿದೆ. ಒಳಗಿರುವ ಗಾಡಿಗಳ ಪಟ್ಟಿಯನ್ನು ಕಾರ್ಡಿನ ಜೊತೆಗೆ ಎಫ್‌ರ್ಯಾಮ್ ಅನ್ನುವ, ಕರೆಂಟ್ ಹೋದರೂ ಮರೆಯದ ಪುಟ್ಟ ಮೆಮೊರಿ ಚಿಪ್ಪಿನಲ್ಲೂ ಇಟ್ಟೆ. ಅದರಲ್ಲಿ ಅಳಿಸುವ ಗೋಜೇ ಇಲ್ಲ, ಬರೆದ ತಕ್ಷಣ ಬಿತ್ತು. ಡಬ್ಬಿ ನಡೆಸುವ ಪುಟ್ಟ ಚಿಪ್, ಅಂದರೆ ಮೈಕ್ರೋಕಂಟ್ರೋಲರ್, ಅದರೊಳಗಿನ ಇಇಪ್ರಾಮ್ ಅನ್ನುವ ಅಂಥದೇ ಮೆಮೊರಿಯಲ್ಲಿ ಒಂದು ಜಾಗಕ್ಕೆ ಒಂದು ಲಕ್ಷ ಸಲ ಬರೆಯಬಹುದು ಅನ್ನುತ್ತಾರೆ. ಎಫ್‌ರ್ಯಾಮ್‌ನಲ್ಲಿ ಲಕ್ಷ ಕೋಟಿ ಸಲಕ್ಕೂ ಜಾಸ್ತಿ. 8 ಕೆಬಿ ಸಾಕು: 50 ಗಾಡಿಗೆ 64 ಬೈಟಿನಂತೆ 3,200, ಎರಡು ಪ್ರತಿ ಇಟ್ಟರೂ 6,400. ಒಂದು ಸಲ ಈ ಪ್ರತಿ, ಇನ್ನೊಂದು ಸಲ ಆ ಪ್ರತಿ ಬರೆಯುತ್ತೇನೆ. ಎರಡೂ ಒಟ್ಟಿಗೆ ಕೆಡಲು ಅವಕಾಶವೇ ಇರಬಾರದು.

ಎರಡನೆಯ ಕೆಲಸ ಕರೆಂಟಿನದು.

ಕರೆಂಟ್ ಹೋಗುವುದು ಅಂದರೆ ಬಲ್ಬ್ ಆರಿದಂತೆ ಅಂದುಕೊಂಡಿದ್ದೇವೆ. ಡಬ್ಬಿಯ ಒಳಗೆ ಅದು ಇಳಿಜಾರು. 5 ವೋಲ್ಟ್ 4.5 ಆಗಿ, 4 ಆಗಿ, 3 ಆಗಿ ಇಳಿಯುತ್ತದೆ. ಆ ಇಳಿಜಾರಿನಲ್ಲಿ ಪ್ರೊಸೆಸರ್ ಕುಡಿದವರ ಹಾಗೆ ಆಡುತ್ತದೆ. ಯಾವ ಆದೇಶ ಓದುತ್ತಿದ್ದೇನೆ ಅಂತ ಅದಕ್ಕೇ ತಿಳಿಯುವುದಿಲ್ಲ, ಆದರೆ ಕೈ ಮಾತ್ರ ಬರೆಯುತ್ತಿರುತ್ತದೆ. ಇದನ್ನು ತಡೆಯಲು ಚಿಪ್ಪಿನಲ್ಲೇ ಬ್ರೌನ್‌ಔಟ್ ಡಿಟೆಕ್ಟರ್ ಇದೆ. ವೋಲ್ಟೇಜ್ ಇಳಿದರೆ ಪ್ರೊಸೆಸರನ್ನು ರೀಸೆಟ್‌ನಲ್ಲಿ ಹಿಡಿದು ನಿಲ್ಲಿಸುತ್ತದೆ. ನೀವು ಬಳಸುವ ಎಟಿಮೆಗಾ328ಪಿ ಮೈಕ್ರೋಕಂಟ್ರೋಲರ್‌ನಲ್ಲಿ 1.8, 2.7, 4.3 ವೋಲ್ಟ್ ಅಂತ ಮೂರು ಮಟ್ಟ. ಬಿಡಿ ಚಿಪ್ ತಂದರೆ ಕಾರ್ಖಾನೆಯಿಂದ ಅದು ಬಂದ್ ಆಗಿಯೇ ಬರುತ್ತದೆ. ಹೋಗಿ ನೋಡಿ, ನಿಮ್ಮಲ್ಲಿ ಅರ್ಧ ಜನರ ಬೋರ್ಡಿನಲ್ಲಿ ಬಂದ್ ಇರುತ್ತದೆ.

ಹೋಗುವುದಕ್ಕಿಂತ ಬರುವುದು ಜಾಸ್ತಿ ಅಪಾಯ ಅಂತ ನನ್ನ ಅನುಭವ. ಹಳ್ಳಿ ಲೈನಿಗೆ ತ್ರೀ ಫೇಸ್ ಕೊಟ್ಟ ಕ್ಷಣ ನೋಡಿದ್ದೀರಲ್ಲ. ಎಲ್ಲ ಪಂಪ್‌ಸೆಟ್ಟಿಗೂ ಆಟೋ ಸ್ಟಾರ್ಟರ್. ಮೋಟರ್ ಎದ್ದೇಳುವಾಗ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಎಲ್ಲಾ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿಯುತ್ತದೆ, ಕೆಲವು ಟ್ರಿಪ್ ಆಗುತ್ತವೆ, ಮತ್ತೆ ಏರುತ್ತದೆ, ಮತ್ತೆ ಕುಸಿಯುತ್ತದೆ. ಅಷ್ಟರಲ್ಲಿ ನಿಮ್ಮ ಡಬ್ಬಿ ಮೂರು ಸಲ ಎದ್ದು ಮೂರು ಸಲ ಬಿದ್ದಿರುತ್ತದೆ. ಎದ್ದ ಕೂಡಲೇ ‘ನಾನು ಚಾಲೂ ಆದೆ’ ಅಂತ ಲಾಗ್ ಬರೆಯುವ ಅಭ್ಯಾಸ ಎಲ್ಲರಿಗೂ. ಅದನ್ನು ಬಿಡಿ. ನನ್ನ ಡಬ್ಬಿ ಎದ್ದ ಮೇಲೆ ಹತ್ತು ಸೆಕೆಂಡ್ ಸುಮ್ನೆ ಓದುತ್ತಾ ಕೂರುತ್ತದೆ. ವೋಲ್ಟೇಜ್ ನಿಂತಿದೆ ಅಂತ ಖಾತ್ರಿ ಆದ ಮೇಲೆ ಬರೆಯಲು ಶುರು.

ಈಗ ಕೆಪಾಸಿಟರ್, ಅಂದರೆ ಕರೆಂಟನ್ನು ಸ್ವಲ್ಪ ಹೊತ್ತು ಕೂಡಿಟ್ಟುಕೊಳ್ಳುವ ಬಿಡಿಭಾಗ. ಎಲ್ಲರೂ ‘ದೊಡ್ಡ ಕೆಪಾಸಿಟರ್ ಹಾಕು’ ಅನ್ನುತ್ತಾರೆ, ಎಲ್ಲಿ ಹಾಕಬೇಕು ಅಂತ ಹೇಳುವುದಿಲ್ಲ. 4,700 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ ತಗೊಳ್ಳಿ. ಬೋರ್ಡ್ ಎಳೆಯುವುದು 2 ವ್ಯಾಟ್. ಅದನ್ನು 5 ವೋಲ್ಟಿನ ಕಡೆ ಹಾಕಿದರೆ, 5ರಿಂದ 4.5ಕ್ಕೆ ಇಳಿಯುವವರೆಗೆ ಸಿಗುವ ಶಕ್ತಿ ಸುಮಾರು 0.011 ಜೂಲ್. ಅಂದರೆ ಐದೂವರೆ ಮಿಲಿಸೆಕೆಂಡ್. ಅದೇ ಕೆಪಾಸಿಟರನ್ನು 12 ವೋಲ್ಟನ್ನು 5ಕ್ಕೆ ಇಳಿಸುವ ಸ್ವಿಚಿಂಗ್ ರೆಗ್ಯುಲೇಟರಿನ ಹಿಂದೆ, 12 ವೋಲ್ಟಿನ ಕಡೆ ಹಾಕಿ. ರೆಗ್ಯುಲೇಟರ್ 7 ವೋಲ್ಟ್‌ವರೆಗೂ ಕೆಲಸ ಮಾಡುತ್ತದೆ ಅಂದರೆ 12ರಿಂದ 7ಕ್ಕೆ ಇಳಿಯುವಾಗ 0.22 ಜೂಲ್. ಅಂದರೆ 110 ಮಿಲಿಸೆಕೆಂಡ್. ಕೆಪಾಸಿಟರ್ ಅದೇ, ದುಡ್ಡು ಹೆಚ್ಚುಕಡಿಮೆ ಅಷ್ಟೇ, ಸಮಯ 20 ಪಟ್ಟು. ಶಕ್ತಿ ವೋಲ್ಟೇಜಿನ ವರ್ಗದಂತೆ ಏರುತ್ತದಲ್ಲ, ಅದರ ಮಹಿಮೆ. ಅದರ ಹಿಂದೆ ಒಂದು ಡಯೋಡ್ ಮರೆಯಬೇಡಿ. ಇಲ್ಲದಿದ್ದರೆ ಕೂಡಿಟ್ಟದ್ದು ಅಡಾಪ್ಟರ್ ಕಡೆಗೆ ವಾಪಸ್ ಹರಿಯುತ್ತದೆ.

110 ಮಿಲಿಸೆಕೆಂಡ್ ಸಾಕೇ? ಸಾಲದು. ಎಸ್‌ಡಿ ಕಾರ್ಡ್ ಒಂದು ಬರಹ ಮುಗಿಸಲು 250 ಮಿಲಿಸೆಕೆಂಡ್‌ವರೆಗೆ ಸಮಯ ಕೊಡಬೇಕು ಅಂತ ಅದರ ಮಾನದಂಡದಲ್ಲೇ ಇದೆ. ಇನ್ನೂ ದೊಡ್ಡ ಕೆಪಾಸಿಟರ್ ಹಾಕುವ ಬದಲು ನಾನು ಲೋಡ್ ಶೆಡ್ಡಿಂಗ್ ಮಾಡಿದೆ. 12 ವೋಲ್ಟಿನ ಕಡೆ ಇಳಿಕೆ ಕಂಡ ತಕ್ಷಣ ಪ್ರೊಸೆಸರಿಗೆ ಒಂದು ಸೂಚನೆ. ಅದು ಮೊದಲು ಡಿಸ್‌ಪ್ಲೇ, ಮೋಡೆಮ್, ಪ್ರಿಂಟರ್ ಸಾಲು ಕಟ್ ಮಾಡುತ್ತದೆ. ಉಳಿಯುವುದು 0.6 ವ್ಯಾಟ್. ಅದೇ 0.22 ಜೂಲ್ ಈಗ 370 ಮಿಲಿಸೆಕೆಂಡ್ ಬರುತ್ತದೆ.

ಆ ಸಮಯದಲ್ಲಿ ಏನು ಮಾಡಬೇಕು ಅನ್ನುವುದರಲ್ಲಿ ನನಗೂ ಉಳಿದವರಿಗೂ ಜಗಳ ಇದೆ. ‘ಸಾಯುವ ಮುಂಚೆ ಎಲ್ಲಾ ಬರೆದುಬಿಡು’ ಅನ್ನುವುದು ಅವರ ದಾರಿ. ಕೈಯಲ್ಲಿರುವ ಒಂದು ಬರಹ ಮುಗಿಸು, ಹೊಸದನ್ನು ಮುಟ್ಟಬೇಡ ಅನ್ನುವುದು ನನ್ನದು. ಕೊನೆಯ ಉಸಿರಿಗೆ ಕೆಲಸ ಉಳಿಸಿಕೊಂಡ ಡಬ್ಬಿಗೆ ಕೆಪಾಸಿಟರ್ ಹಳೆಯದಾದ ದಿನ ಗ್ರಹಚಾರ ಕಾದಿರುತ್ತದೆ. ನಮ್ಮ ಬಿಸಿಲಿನಲ್ಲಿ ಆ ದಿನ ಬೇಗ ಬರುತ್ತದೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಬಾಳಿಕೆ ಪ್ರತಿ 10 ಡಿಗ್ರಿ ಬಿಸಿಗೆ ಅರ್ಧ ಆಗುತ್ತದೆ ಅನ್ನುವುದು ಎಲ್ಲರೂ ಹಿಡಿಯುವ ಅಂದಾಜು. ಮೇ ತಿಂಗಳಲ್ಲಿ ತಗಡಿನ ಶೆಡ್ಡಿನ ಕೆಳಗೆ ಇರುವ ಡಬ್ಬಿಯನ್ನು ಒಮ್ಮೆ ಮುಟ್ಟಿ ನೋಡಿ. 105 ಡಿಗ್ರಿಯದೇ ಹಾಕಿ, 85ರದು ಬೇಡ.

ಫೈಲ್ ಸಿಸ್ಟಮ್ ಯಾವುದು ಆರಿಸಬೇಕು ಅಂತ ಕೇಳುವವರಿಗೆ ಬೇಗ ಹೇಳಿಬಿಡುತ್ತೇನೆ. ಮೈಕ್ರೋಕಂಟ್ರೋಲರ್ ಪಕ್ಕ ಬರೀ ಫ್ಲ್ಯಾಶ್ ಚಿಪ್ ಇದ್ದರೆ ಲಿಟಲ್‌ಎಫ್‌ಎಸ್. 2017ರಲ್ಲಿ ಆರ್ಮ್‌ನಿಂದ ಬಂತು, ಕರೆಂಟ್ ಹೋಗುತ್ತದೆ ಅಂತಲೇ ಎಣಿಸಿ ಮಾಡಿದ್ದು, ಡೈರೆಕ್ಟರಿಯ ಲೆಕ್ಕವನ್ನು ಜೋಡಿ ಬ್ಲಾಕ್‌ಗಳಲ್ಲಿ ಅದಲು ಬದಲು ಬರೆಯುತ್ತದೆ. ಲಿನಕ್ಸ್ ಬೋರ್ಡಿನಲ್ಲಿ ಬರೀ ನ್ಯಾಂಡ್ ಇದ್ದರೆ ಯುಬಿಐಎಫ್‌ಎಸ್. ಎಸ್‌ಡಿ ಕಾರ್ಡ್ ಅಥವಾ ಬೋರ್ಡಿಗೇ ಬೆಸುಗೆ ಹಾಕಿದ ಇಎಂಎಂಸಿ ಚಿಪ್ ಇದ್ದರೆ ಎಕ್ಸ್ಟ್4 ಸಾಕು. ಆದರೆ ಲಿನಕ್ಸನ್ನೇ ಇಟ್ಟ ಭಾಗವನ್ನು ಸ್ಕ್ವಾಶ್‌ಎಫ್‌ಎಸ್ ಮಾಡಿ, ಓದಲು ಮಾತ್ರ. ಬರೆಯುವುದಕ್ಕೆ ಬೇರೆ ಚಿಕ್ಕ ಭಾಗ ಕೊಡಿ. ಬರೆಯದ ಕಡೆ ಫೈಲ್ ಸಿಸ್ಟಮ್ ಕೆಡುವ ಸಂಭವ ತುಂಬಾ ಕಡಿಮೆ. ತೂಕ ಹೋದರೂ ಡಬ್ಬಿಯಾದರೂ ಎದ್ದು ನಿಲ್ಲುತ್ತದೆ.

ಇದೆಲ್ಲ ಸರಿ ಇದೆ ಅಂತ ನನಗೆ ಹೇಗೆ ಗೊತ್ತು? ಕಡಿದು ನೋಡಿದ್ದೇನೆ. ಇನ್ನೊಂದು ಚಿಕ್ಕ ಬೋರ್ಡು, ಒಂದು ರಿಲೇ, ಅಂದರೆ ಕರೆಂಟಿನಿಂದ ಆಡುವ ಸ್ವಿಚ್ಚು. ಡಬ್ಬಿಯ ಕರೆಂಟನ್ನು ರಿಲೇ ಮೂಲಕ ಕೊಟ್ಟೆ. ಡಬ್ಬಿ ಎಡೆಬಿಡದೆ ಸುಳ್ಳು ತೂಕ ಬರೆಯುತ್ತಿರುತ್ತದೆ, ಬರೆದ ಪ್ರತಿ ಸಾಲಿನ ಕ್ರಮಸಂಖ್ಯೆಯನ್ನು ತಂತಿಯಲ್ಲಿ ಆ ಚಿಕ್ಕ ಬೋರ್ಡಿಗೆ ಹೇಳುತ್ತದೆ. ಚಿಕ್ಕ ಬೋರ್ಡು ಮನಸ್ಸಿಗೆ ಬಂದಾಗ ಕಡಿಯುತ್ತದೆ, ಮತ್ತೆ ಕೊಡುತ್ತದೆ, ‘ಕೊನೆಯ ಸಂಖ್ಯೆ ಎಷ್ಟು’ ಅಂತ ಕೇಳುತ್ತದೆ. ‘ಬರೆದೆ’ ಅಂದ ಸಂಖ್ಯೆಗಿಂತ ಕಡಿಮೆ ಹೇಳಿದರೆ ಡಬ್ಬಿ ಸುಳ್ಳು ಹೇಳಿದೆ. 20 ಸೆಕೆಂಡಿಗೆ ಒಂದು ಸಲ ಅಂದರೆ ದಿನಕ್ಕೆ 4,320 ಸಲ. ಟಕ್ ಟಕ್ ಅಂತ ಮನೆಯಲ್ಲಿ ಮೂರು ರಾತ್ರಿ ಸದ್ದು. ಮನೆಯವರು ಅದನ್ನು ಅಟ್ಟಕ್ಕೆ ಸಾಗಿಸಿದರು. ಎರಡನೆಯ ರಾತ್ರಿ ಒಂದು ಅಗ್ಗದ ಕಾರ್ಡು ಸುಳ್ಳು ಹೇಳಿ ಸಿಕ್ಕಿಬಿತ್ತು. ‘ಬಿತ್ತು’ ಅಂದದ್ದು ಬಿದ್ದಿರಲಿಲ್ಲ. ಪ್ರೋಗ್ರಾಮ್ ಎಷ್ಟು ಚೆನ್ನಾಗಿದ್ದರೂ ಕಾರ್ಡ್ ಸುಳ್ಳುಗಾರನಾದರೆ ಏನೂ ಮಾಡಲಾಗದು. ಅವತ್ತಿನಿಂದ ಕಾರ್ಡ್ ಬದಲಾದಾಗಲೆಲ್ಲ ಮೂರು ರಾತ್ರಿ ಅಟ್ಟ.

ಆಮೇಲೆ ಪ್ರಶ್ನೆ ಕೇಳಿದರು.

ಒಬ್ಬ ಮಾಲೀಕರು ಎದ್ದರು. “ಇಷ್ಟೆಲ್ಲ ಯಾಕ್ರಿ? ಒಂದು ಯುಪಿಎಸ್ ಇಟ್ಟರ ಆತಲ್ಲ?” ಇಡಿ, ಬೇಡ ಅನ್ನುವುದಿಲ್ಲ. ಆದರೆ ಯುಪಿಎಸ್ ಬ್ಯಾಟರಿ ಎರಡು ಬೇಸಿಗೆ ಕಂಡ ಮೇಲೆ ಹೆಸರಿಗೆ ಮಾತ್ರ ಇರುತ್ತದೆ. ಅದು ಸತ್ತಿದೆ ಅಂತ ಗೊತ್ತಾಗುವುದು ಕರೆಂಟ್ ಹೋದ ದಿನವೇ. ಅದೂ ಅಲ್ಲದೆ, ಹುಡುಗರು ಮೊಬೈಲ್ ಚಾರ್ಜರ್ ಹಾಕಲು ನನ್ನ ಡಬ್ಬಿಯ ಪ್ಲಗ್ಗನ್ನೇ ಕೀಳುತ್ತಾರೆ. ಅದಕ್ಕೆ ಯುಪಿಎಸ್ ಏನು ಮಾಡೀತು? ಅವರು ನಕ್ಕು ಪಕ್ಕದವರ ಮುಖ ನೋಡಿದರು.

ಡಿಪ್ಲೊಮಾ ಹುಡುಗಿಯೊಬ್ಬಳು ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್ ಬಳಸಬಹುದಾ ಅಂತ ಕೇಳಿದಳು. ಲಿನಕ್ಸ್ ಬೋರ್ಡ್ ಇದ್ದರೆ ಖಂಡಿತ ಬಳಸಮ್ಮ, ನಾನು ಕೈಯಿಂದ ಮಾಡಿದ್ದನ್ನೆಲ್ಲ ಅದು ನನಗಿಂತ ಚೆನ್ನಾಗಿ ಮಾಡುತ್ತದೆ. 2010ರಿಂದ ಅದರಲ್ಲಿ ವಾಲ್ ಅನ್ನುವ ವಿಧಾನ ಇದೆ, ಅದೂ ಕಿರ್ದಿಯೇ. ಆದರೆ ವಾಲ್ ಹಾಕಿ ಸಿಂಕ್ರೊನಸ್ ಸೆಟ್ಟಿಂಗನ್ನು ‘ನಾರ್ಮಲ್’ ಇಟ್ಟರೆ ಡೇಟಾಬೇಸ್ ಕೆಡುವುದಿಲ್ಲ, ಕೊನೆಯ ಕೆಲವು ಸಾಲು ಮಾತ್ರ ಹೋಗಬಹುದು. ತೂಕದ ಚೀಟಿಗೆ ‘ಫುಲ್’ ಇಡು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು. ಅವರು ಯಾರು ಅಂತ ನನಗೆ ಗೊತ್ತಿರಲಿಲ್ಲ, ಹೆಗಲ ಮೇಲೆ ಟವೆಲ್ ಇತ್ತು. “ಅದೆಲ್ಲ ಇರ್ಲಿ ತಮ್ಮಾ. ಆ ಆರು ಗಾಡಿ ಭತ್ತದ್ದು ಏನಾತು?”

ಹಮಾಲರು ಉಳಿಸಿದರು. ಅವರಿಗೆ ಕೂಲಿ ಚೀಲದ ಲೆಕ್ಕದಲ್ಲಿ. ಹಾಗಾಗಿ ಯಾವ ಗಾಡಿಯಿಂದ ಎಷ್ಟು ಚೀಲ ಇಳಿಸಿದೆವು ಅಂತ ಗೋಡೆಯ ಮೇಲೆ ಇದ್ದಿಲಿನಲ್ಲಿ ಐದೈದರ ಗೀಟು ಹಾಕಿಟ್ಟಿದ್ದರು. ಕರೆಂಟ್ ಹೋದರೂ ಗೋಡೆ ಹಾಗೇ ಇತ್ತು. 75 ಕೆ.ಜಿ. ಚೀಲದ ಲೆಕ್ಕದಲ್ಲಿ ಐದು ಗಾಡಿ ಬಗೆಹರಿಯಿತು. ಆರನೆಯದು ಮಿಷನ್ ಕೊಯ್ಲಿನ ಲೂಸ್ ಭತ್ತ, ಅದಕ್ಕೆ ಗೀಟು ಇರಲಿಲ್ಲ. ಆ ರೈತ ಹೇಳಿದ ತೂಕಕ್ಕೇ ಮಾಲೀಕರು ಒಪ್ಪಿದರು. ಹೆಚ್ಚುಕಡಿಮೆ ಆಗಿದ್ದರೆ ನನ್ನ ಬಿಲ್ಲಿನಲ್ಲಿ ಮುರಿದುಕೊಳ್ಳಿ ಅಂದೆ. ಮುರಿದುಕೊಂಡರು.